ಜೋಡಿಯಲ್ಲದ ರ‍್ಯಾಮ್

ಮಾರ್ಚ್ 3, ಸೋಮವಾರ

ಅಕ್ಕನ ಗಂಟಲಿನ ವರದಿ ಬಂತು. ಗಡ್ಡೆ ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಸರ್ಜನ್ ಇದನ್ನು ನನ್ನ ಮುಖ ನೋಡಿ ಹೇಳಿದರು. ನಾನು ಅಕ್ಕನ ಮುಖ ನೋಡಿದೆ, ನಮ್ಮಿಬ್ಬರಲ್ಲಿ ಪ್ರಶ್ನೆ ಕೇಳುವವಳು ಅವಳು. "ಯಾವತ್ತು?" ಎಂದಳು. ಮುಂದಿನ ತಿಂಗಳ ನಡುವಿಗೆ ಎಂದರು.

ಅಕ್ಕ ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಾಳೆ. ಬೆಳಿಗ್ಗೆ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ಅವಳು ಬಾಯಿ ತೆಗೆದರೆ ಲಾರಿಯವರೂ ಹಾರ್ನ್ ಮಾಡುವುದನ್ನು ನಿಲ್ಲಿಸುತ್ತಾರೆ. ನಾನು ಪ್ರೆಸ್ಸೊಂದರಲ್ಲಿ ಔಷಧಿ ಬಾಟಲಿಗಳ ಲೇಬಲ್ ಜೋಡಿಸುತ್ತೇನೆ. ದಿನವಿಡೀ ಕೂತರೂ ಒಬ್ಬರ ಜೊತೆ ಮಾತಾಡಬೇಕಾಗಿಲ್ಲ, ಆ ಕೆಲಸದಲ್ಲಿ ನನಗೆ ಇಷ್ಟವಾದದ್ದೇ ಅದು. ಮದುವೆ ಮುರಿದು ಅಕ್ಕನ ಮನೆಗೆ ಬಂದು ಸೇರಿದಾಗಿನಿಂದ ಮನೆ ಮಾಲೀಕರ ಜೊತೆ, ಬ್ಯಾಂಕಿನವರ ಜೊತೆ, ನಲ್ಲಿ ರಿಪೇರಿಯವರ ಜೊತೆ ಮಾತೆಲ್ಲ ಅವಳದೇ. ಸಿಕ್ಕವರಿಗೆಲ್ಲ ಅಡ್ಡಹೆಸರಿಡುವ ಚಟ ಅವಳಿಗೆ. ನನಗಿಟ್ಟಿದ್ದು ಗುಮ್ಮಿ. ಗುಮ್ಮನಗುಸುಕ ಎನ್ನುವುದನ್ನು ಮುದ್ದಿಗೆ ಮೊಟಕು ಮಾಡಿದ್ದು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಂಗಸೊಬ್ಬರು ನಮ್ಮನ್ನು ಕೂರಿಸಿಕೊಂಡು ಒಂದು ದಾರಿ ಹೇಳಿದರು. (ಹೊರಗೆ ಬರುವಷ್ಟರಲ್ಲಿ ಅಕ್ಕ ಅವರಿಗೆ 'ಮಾತಿನ ಡಾಕ್ಟ್ರು' ಎಂದು ನಾಮಕರಣ ಮಾಡಿಯಾಗಿತ್ತು.) ಈಗಲೇ ಅಕ್ಕನಿಂದ ನೂರಾರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಟ್ಟರೆ, ಅದರಿಂದ ಕಂಪ್ಯೂಟರು ಅವಳ ದನಿಯನ್ನೇ ಕಟ್ಟುತ್ತದಂತೆ. ಆಪರೇಷನ್ ಆದ ಮೇಲೆ ಅವಳು ಟೈಪ್ ಮಾಡಿದ್ದನ್ನು ಅವಳದೇ ದನಿಯಲ್ಲಿ ಹೇಳುತ್ತದಂತೆ. ಆಸ್ಪತ್ರೆಯ ಕಂಪ್ಯೂಟರಿಗೆ ದೊಡ್ಡ ಸರದಿಯಿದೆ. ಮನೆಯಲ್ಲೇ ಮಾಡುವುದಾದರೆ ಸಾಫ್ಟ್‌ವೇರ್ ಅವರೇ ಕೊಡುತ್ತಾರೆ. ಆದರೆ ಕಂಪ್ಯೂಟರಿಗೆ ಮೂವತ್ತೆರಡು ಜಿಬಿ ರ‍್ಯಾಮ್ ಇರಬೇಕು, ಸ್ಟೋರೇಜ್ ಒಂದು ಟಿಬಿ, ಅದೂ ವೇಗದ್ದು.

ಮನೆಗೆ ಬಂದು ಇಬ್ಬರೂ ಚಪ್ಪಲಿ ಬಿಚ್ಚದೆ ಕೂತೆವು. ಅಳು ಬರಲಿಲ್ಲ, ಬರೀ ಸುಸ್ತು.

ಮಾರ್ಚ್ 5, ಬುಧವಾರ

ಪ್ರೆಸ್ಸಿನಲ್ಲಿ ಕೇಳಿದರೆ ಎಲ್ಲರೂ ರೆಡಿಮೇಡ್ ತಗೊಂಡುಬಿಡಿ ಎಂದರು. ಅಕ್ಕ ಸುತರಾಂ ಒಪ್ಪಲಿಲ್ಲ.

"ಮುಚ್ಚಿದ ಪೆಟ್ಟಿಗೆ ಯಾವತ್ತೂ ಕೊಳ್ಳಬಾರದು ಕಣೆ. ಮೇಲ್ಗಡೆ ನಾಲ್ಕು ಚೆಂದದ ಹಣ್ಣು ಇಟ್ಟಿರ್ತಾರೆ, ಕೆಳಗೆ ಬರೀ ಕೊಳೆತದ್ದು. ಬಿಚ್ಚಿ ತೋರಿಸ್ಲಿ. ಒಂದೊಂದೇ ಆರಿಸ್ಕೊಂಡು ಕಟ್ಟಿಸೋಣ."

ಹಾಗಾಗಿ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರ ಕತ್ತಿನಲ್ಲಿ ಸದಾ ಯಾವುದಾದರೊಂದು ವೈರು ನೇತಾಡುತ್ತಿರುತ್ತದೆ, ಆದ್ದರಿಂದ ಅವರು 'ತಂತಿ'.

ಹಳೆಯ ಕಂಪ್ಯೂಟರಿನ ರ‍್ಯಾಮನ್ನೇ ಇದಕ್ಕೂ ಹಾಕಬಹುದೇನೋ ಎಂದು ನಾನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿದ್ದೆ. ತಂತಿ ಅದನ್ನು ಹೊಸ ಬೋರ್ಡಿನ ಸಂದಿನ ಮೇಲೆ ಹಿಡಿದು ತೋರಿಸಿದರು. ರ‍್ಯಾಮಿನ ಕಚ್ಚು ಒಂದು ಕಡೆ, ಸಂದಿನ ಉಬ್ಬು ಇನ್ನೊಂದು ಕಡೆ.

"ಇದು ಡಿಡಿಆರ್ ಫೈವ್ ಬೋರ್ಡು ಮೇಡಂ. ನಿಮ್ಮ ಹಳೇದು ಇದರಲ್ಲಿ ಕೂರಲ್ಲ."

"ಸ್ವಲ್ಪ ಒತ್ತಿದ್ರೆ?" ಎಂದಳು ಅಕ್ಕ.

"ಒತ್ತಿದ್ರೆ ಮುರಿಯತ್ತೆ."

ಸ್ಟೋರೇಜಿನದು ಇನ್ನೊಂದು ಗೋಳು. ಚೂಯಿಂಗ್ ಗಮ್ ಪಟ್ಟಿಯಷ್ಟೇ ಇರುವ ಎರಡನ್ನು ಮುಂದಿಟ್ಟರು. ನೋಡಲು ಅವಳಿ ಜವಳಿ. ಒಂದಕ್ಕೆ ತುದಿಯಲ್ಲಿ ಒಂದು ಕಚ್ಚು, ಇನ್ನೊಂದಕ್ಕೆ ಎರಡು. ಒಂದು ಕಚ್ಚಿನದು ವೇಗದ್ದು, ನಮಗೆ ಬೇಕಾದದ್ದು. ಎರಡು ಕಚ್ಚಿನದನ್ನು ಈ ಬೋರ್ಡು ಕಣ್ಣೆತ್ತಿಯೂ ನೋಡುವುದಿಲ್ಲ. ಅಕ್ಕ ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಇನ್ನೇನು ಮೂಸಿ ನೋಡುತ್ತಾಳೆ ಎಂದು ನನಗೆ ಭಯ.

"ರ‍್ಯಾಮ್ ಮಾತ್ರ ಜೋಡಿ ಪ್ಯಾಕೆಟ್ಟಲ್ಲೇ ತಗೊಳ್ಳಿ, ಹದಿನಾರರದು ಎರಡು" ಎಂದರು ತಂತಿ. "ಬೇರೆ ಬೇರೆ ತಗೊಂಡ್ರೆ ಹೊಂದ್ಕೊಂಡ್ರೆ ಹೊಂದ್ಕೊಂಡ್ವು, ಇಲ್ಲಾಂದ್ರೆ ಇಲ್ಲ." ಜೋಡಿ ಅವರಲ್ಲಿ ಇರಲಿಲ್ಲ. ಬರುವ ತನಕ ಒಂದು ಚಿಕ್ಕ ರ‍್ಯಾಮನ್ನು ಎರವಲು ಕೊಡುತ್ತೇನೆಂದರು.

ಮಾತೆಲ್ಲ ಅಕ್ಕನೇ ಆಡಿದಳು. ಕೊನೆಕೊನೆಗೆ ದನಿ ಹರಿದ ಬಟ್ಟೆಯಂತಾಗಿತ್ತು. ನನ್ನ ತಲೆಯಲ್ಲೂ ಪ್ರಶ್ನೆಗಳಿದ್ದವು. ಬಾಯಿ ತನಕ ಬಂದು ವಾಪಸ್ಸು ಹೋದವು.

ಮಾರ್ಚ್ 9, ಭಾನುವಾರ

ಕಂಪ್ಯೂಟರ್ ಬಂತು. ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟೆವು. ಅಮ್ಮ ಅಪ್ಪನ ಫೋಟೋಗಳೆಲ್ಲ ಇರುವ ಹಳೆಯ ಹಾರ್ಡ್ ಡಿಸ್ಕನ್ನು ನಾನೇ ಜೋಡಿಸಿದೆ. ಕಂಪ್ಯೂಟರಿಗೆ ಅದು ಕಾಣಲೇ ಇಲ್ಲ. ಕೇಬಲ್ ಬದಲಾಯಿಸಿದೆ, ತಿರುಗಿಸಿದೆ, ಊದಿದೆ. ಉಹೂಂ. ಫೋಟೋಗಳೆಲ್ಲ ಹೋದವು ಎಂದೇ ಅಂದುಕೊಂಡೆ.

ತಂತಿಗೆ ಫೋನ್ ಮಾಡಬೇಕಿತ್ತು. ಅಕ್ಕ ಬಿಸಿನೀರು ಮುಕ್ಕಳಿಸುತ್ತಾ, ನೀನೇ ಮಾಡು ಎಂದು ಸನ್ನೆ ಮಾಡಿದಳು. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ. ಎರಡು ಸಲ ಮನಸ್ಸಿನಲ್ಲೇ ಓದಿದೆ. ಅವರು ಹಲೋ ಎಂದ ಕೂಡಲೇ ಚೀಟಿ ಓದಿ ಮುಗಿಸಿ ಉಸಿರು ಬಿಟ್ಟೆ.

"ಹೊಸ ಸ್ಟೋರೇಜನ್ನ ಕೆಳಗಿನ ಜಾಗದಲ್ಲಿ ಹಾಕಿಬಿಟ್ಟಿದೀನಿ ಮೇಡಂ, ನನ್ನದೇ ತಪ್ಪು" ಎಂದರು. ಈ ಬೋರ್ಡಿನಲ್ಲಿ ಆ ಜಾಗ ತುಂಬಿದರೆ ಹಳೆಯ ಡಿಸ್ಕಿನ ಎರಡು ಕಿಂಡಿ ತಾವಾಗಿಯೇ ಸತ್ತುಹೋಗುತ್ತವಂತೆ. ಮೇಲಿನ ಜಾಗಕ್ಕೆ ಬದಲಾಯಿಸಿದೆ. ಅಮ್ಮ ಅಪ್ಪ ವಾಪಸ್ ಬಂದರು.

ಒಂದು ಫೋನಿಗೆ ಇಷ್ಟು ಆಯಾಸವಾಗುತ್ತದೆಂದು ಯಾರಿಗೆ ಹೇಳಲಿ?

ಮಾರ್ಚ್ 12, ಬುಧವಾರ

ಜಗಳ. ದನಿಗೆ ವಿಶ್ರಾಂತಿ ಕೊಡಿ, ಇರುವುದನ್ನು ರೆಕಾರ್ಡಿಂಗಿಗೆ ಉಳಿಸಿಕೊಳ್ಳಿ ಎಂದು ಮಾತಿನ ಡಾಕ್ಟ್ರು ಸಾರಿ ಸಾರಿ ಹೇಳಿದ್ದಾರೆ. ಇವಳು ದಿನವೂ ಹರಾಜಿಗೆ ಹೋಗುತ್ತಿದ್ದಾಳೆ.

"ಕಿತ್ತಳೆಗೆ ಸುರಿಯೋ ದನೀನ ನಿನಗೇ ಉಳಿಸ್ಕೊಳ್ಳೇ" ಎಂದೆ.

"ಇರೋಷ್ಟು ದಿನ ಕೂಗ್ತೀನಿ. ನನ್ನ ಗಂಟಲು, ನನ್ನಿಷ್ಟ."

"ಆಮೇಲೆ ನಿನ್ನ ಸನ್ನೆ ನೋಡ್ಕೊಂಡು ಕೂರೋಳು ನಾನು ತಾನೆ?"

ಆಡಬಾರದಿತ್ತು. ಅಪರೂಪಕ್ಕೆ ಬಾಯಿ ಬಿಟ್ಟರೆ ನನ್ನಿಂದ ಬರುವುದು ಇಂಥದ್ದೇ. ಅವಳು ಎದ್ದು ಒಳಗೆ ಹೋದಳು.

ಮಾರ್ಚ್ 15, ಶನಿವಾರ

ಮಾತಿಲ್ಲ, ಕತೆಯಿಲ್ಲ. ಅವಳು ನನ್ನ ತಟ್ಟೆಗೆ ಬಡಿಸುತ್ತಾಳೆ, ನಾನು ಅವಳ ಮಾತ್ರೆ ಎತ್ತಿಡುತ್ತೇನೆ. ಮಾತು ಮಾತ್ರ ಬಂದ್.

ಇವತ್ತು ಪ್ರೆಸ್ಸಿನಿಂದ ಬರುವಾಗ ತಂತಿ ಅಂಗಡಿಗೆ ಹೋಗಿದ್ದೆ. ಜೋಡಿ ಇನ್ನೂ ಬಂದಿರಲಿಲ್ಲ. ಕಾದು ಕಾದು ದಿನ ಕಳೆಯುವುದೇಕೆ ಎಂದು ಹದಿನಾರರದು ಒಂದನ್ನು ತಂದೆ, ಅದರ ಜೊತೆಯದನ್ನು ಆಮೇಲೆ ತಂದರಾಯಿತೆಂದು. ಮನೆಗೆ ಬಂದರೆ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ್ದ ಇನ್ನೊಂದು ರ‍್ಯಾಮ್! ಅದೂ ಹದಿನಾರರದು. ಮಾರುಕಟ್ಟೆಯ ಹಿಂದೆ ಹಳೆ ಸಾಮಾನಿನವರ ಹತ್ತಿರ ಅಕ್ಕ ತಂದಿದ್ದಾಳೆ. ಬೇರೆ ಕಂಪನಿಯದು. ಒಂದೇ ಮನೆ, ಒಂದೇ ಚಿಂತೆ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ.

'ಜೋಡಿ ಅಲ್ಲ' ಎಂದು ಚೀಟಿ ಬರೆದು ಅವಳ ಮುಂದಿಟ್ಟೆ. ಅವಳು ಅದರ ಕೆಳಗೆ 'ಹಾಗಾದ್ರೆ ನಿಂದು ತೆಗಿ' ಎಂದು ಬರೆದಳು. ನನ್ನದನ್ನು ನಾನೇಕೆ ತೆಗೆಯಲಿ? ಅವಳಾದರೂ ಅವಳದನ್ನು ಏಕೆ ತೆಗೆದಾಳು? ಎರವಲಿನ ಚಿಕ್ಕದನ್ನು ತೆಗೆದು ಎರಡನ್ನೂ ಹಾಕಿದೆ. ಎರಡೂ ಕೂತವು. ಪರದೆಯ ಮೇಲೆ ಮೂವತ್ತೆರಡು ಎಂದು ಬಂತು. ವೇಗ ಹೆಚ್ಚಿಸುವ ಸೆಟ್ಟಿಂಗ್ ಒಂದಿದೆ ಎಂದು ಎಲ್ಲೋ ಓದಿದ್ದೆ, ಅದನ್ನೂ ಆನ್ ಮಾಡಿದೆ. ಅಕ್ಕ ಹಿಂದೆ ನಿಂತು ನೋಡಿ ಹೂಂಗುಟ್ಟಿದಳು. ಗೆದ್ದವಳು ತಾನೇ ಎಂಬ ಹೂಂಕಾರ ಅದು. ನಾನೂ ಹಾಗೇ ಅಂದುಕೊಂಡಿದ್ದೆ.

ಮಾರ್ಚ್ 19, ಬುಧವಾರ

ರೆಕಾರ್ಡಿಂಗ್ ನಡೆಯುತ್ತಿದೆ. ಸಂಜೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೈಕಿನ ಮುಂದೆ ಅವಳನ್ನು ಕೂರಿಸುತ್ತೇನೆ. ಪರದೆಯಲ್ಲಿ ಒಂದೊಂದೇ ವಾಕ್ಯ ಬರುತ್ತದೆ. ನನ್ನ ಜೊತೆ ಮಾತಿಲ್ಲ, ಮೈಕಿನ ಜೊತೆ ಧಾರಾಳ.

ಮೊದಲ ದಿನ "ಇವತ್ತು ಹವೆ ತಂಪಾಗಿದೆ" ಎನ್ನುವುದನ್ನು ಮಾರಾಟಕ್ಕಿಟ್ಟವಳ ಹಾಗೆ ಕೂಗಿದಳು. ಮೆಲ್ಲಗೆ ಎಂದು ಕೈಸನ್ನೆ ಮಾಡಿದೆ. ಇವತ್ತು ಪರದೆಯಲ್ಲಿ "ನನ್ನಿಂದ ತಪ್ಪಾಯಿತು, ಬೇಸರ ಮಾಡಿಕೊಳ್ಳಬೇಡ" ಎಂದು ಬಂತು. ಅಕ್ಕ ಗೋಡೆ ನೋಡುತ್ತಾ ಓದಿದಳು. ಆಮೇಲೆ, "ಇದು ಆಸ್ಪತ್ರೆಯವರ ವಾಕ್ಯ, ನಂದಲ್ಲ" ಎಂದಳು. ಅದೂ ರೆಕಾರ್ಡ್ ಆಯಿತು.

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತು, ಕರವಸ್ತ್ರದಲ್ಲಿ ಕೆಂಪು ಕಂಡಿತು. ಇಬ್ಬರೂ ನೋಡಿದೆವು, ಇಬ್ಬರೂ ಅದರ ಮಾತೆತ್ತಲಿಲ್ಲ. ಆದರೆ ಆಮೇಲೆ ಮಾತು ಶುರುವಾಯಿತು.

ಮಾರ್ಚ್ 23, ಭಾನುವಾರ

ಬಹುಪಾಲು ವಾಕ್ಯ ಮುಗಿದವು. ಹರಾಜಿಗೆ ಮಾತ್ರ ಹೋಗುತ್ತಲೇ ಇದ್ದಾಳೆ. ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು.

ಮಾರ್ಚ್ 28, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ರೆಕಾರ್ಡಿಂಗುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿ ಮಾತಿನ ಡಾಕ್ಟ್ರಿಗೆ ಕೊಟ್ಟಿದ್ದೆ. ಇವತ್ತು ಕರೆಸಿದರು. ಅರ್ಧಕ್ಕಿಂತ ಹೆಚ್ಚು ಫೈಲುಗಳು ಕೆಟ್ಟಿವೆ. ಕೆಲವು ತೆರೆಯುವುದೇ ಇಲ್ಲ. ತೆರೆದವುಗಳಲ್ಲಿ ಮಾತಿನ ನಡುವೆ ಚಟಪಟ, ಪದವೇ ತುಂಡಾಗಿ ಹೋಗಿದೆ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ತನ್ನ ದನಿ ಒಡೆಯುವುದನ್ನು ಕೇಳಿದಳು. ತೆಗೆದು ಮೇಜಿನ ಮೇಲಿಟ್ಟು, "ಇದು ಕಂಪ್ಯೂಟರಿಂದಾ, ನನ್ನ ಗಂಟಲಿಂದಾ?" ಎಂದು ಕೇಳಿದಳು. ಕಂಪ್ಯೂಟರಿಂದ ಎಂದರು ಡಾಕ್ಟ್ರು.

ಅಲ್ಲಿಂದ ನೇರ ತಂತಿ ಅಂಗಡಿಗೆ. ಅವರು ರ‍್ಯಾಮ್ ಪರೀಕ್ಷೆಗೆ ಹಾಕಿದರು. ಪರದೆ ತುಂಬ ಕೆಂಪು ಸಾಲು. ಒಂದೊಂದನ್ನೇ ಹಾಕಿ ನೋಡಿದರು, ಒಂದೂ ತಪ್ಪಿಲ್ಲ. ಒಟ್ಟಿಗೆ ಹಾಕಿದರೆ ಮತ್ತೆ ಕೆಂಪು.

"ಎರಡೂ ಒಳ್ಳೇವೇ. ಒಂದಕ್ಕೊಂದು ಆಗಿಬರಲ್ಲ ಅಷ್ಟೆ. ಅದರ ಮೇಲೆ ವೇಗ ಬೇರೆ ಜಾಸ್ತಿ ಮಾಡಿದೀರಿ. ಬರೆಯೋದು ಒಂದು, ಡಿಸ್ಕಿಗೆ ಹೋಗೋದು ಇನ್ನೊಂದು ಆಗಿದೆ" ಎಂದರು.

"ನೀವು ಯಾರ ಕತೆ ಹೇಳ್ತಿದೀರಿ?" ಎಂದಳು ಅಕ್ಕ. ತಂತಿಗೆ ಅರ್ಥವಾಗಲಿಲ್ಲ. ನನಗೆ ನಗು ಬರಲಿಲ್ಲ.

ಅವರು ಜೋಡಿ ಪ್ಯಾಕೆಟ್ಟು ಸೋಮವಾರ ಬರುತ್ತದೆ ಎಂದರು. ಎಷ್ಟನೆಯ ಸೋಮವಾರ ಎಂದು ಕೇಳಿದೆ. ಅವರ ದಿನಗಳೂ ನಮ್ಮ ದಿನಗಳೂ ಒಂದೇ ಅಲ್ಲ, ಇವತ್ತೇ ಬೇಕು, ಬೇರೆ ಅಂಗಡಿಯಿಂದಾದರೂ ತರಿಸಿಕೊಡಿ, ತರಿಸುವ ತನಕ ಈ ಸ್ಟೂಲಿನಿಂದ ಏಳುವುದಿಲ್ಲ ಎಂದೆ. ತರಿಸಿದರು. ಬರುವಾಗ ದಾರಿಯುದ್ದಕ್ಕೂ ಅಕ್ಕ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ಯಾಕೋ ಗೊತ್ತಿಲ್ಲ, ಕೇಳುವಷ್ಟು ತ್ರಾಣವೂ ಇರಲಿಲ್ಲ.

ತಪ್ಪು ಇಬ್ಬರದೂ. ಹಂಚಿಕೊಂಡರೆ ಅರ್ಧವಾಗಬೇಕಿತ್ತು. ಆಗಲಿಲ್ಲ.

ಏಪ್ರಿಲ್ 2, ಬುಧವಾರ

ಹೊಸ ಜೋಡಿ ಹಾಕಿ, ಪರೀಕ್ಷೆ ಮಾಡಿ, ಮೊದಲಿನಿಂದ ಶುರು ಮಾಡಿದೆವು. ಕಂಪ್ಯೂಟರ್ ಈಗ ಸರಿಯಾಗಿದೆ. ಗಂಟಲು ಸರಿಯಿಲ್ಲ. ಎರಡು ವಾಕ್ಯಕ್ಕೊಮ್ಮೆ ನಿಲ್ಲುತ್ತಾಳೆ. 'ರ' ಬಂದರೆ ಕೆಮ್ಮು, ಜೋರಾಗಿ ಹೇಳುವ ವಾಕ್ಯವಾದರೆ ಬರೀ ಗಾಳಿ.

"ನಾಳೆಯಿಂದ ಹರಾಜಿಗೆ ಹೋಗಲ್ಲ" ಎಂದಳು. ನಾನು ಕೇಳಿಕೊಂಡಾಗ ನಿಲ್ಲಿಸದವಳು ಈಗ ನಿಲ್ಲಿಸಿದ್ದಾಳೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಏಪ್ರಿಲ್ 4, ಶುಕ್ರವಾರ

ಅವಳು ಇನ್ನು ಬರುವುದಿಲ್ಲ ಎಂದು ತಿಳಿಸಿ, ಅವಳ ಕೊಡೆ, ಬೂಟು ತರಲು ಮಾರುಕಟ್ಟೆಗೆ ಹೋಗಿದ್ದೆ. ಅಬ್ಬಾ, ಆ ಗಲಾಟೆ! ಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡೆ. ಯಾರೂ ದಾರಿ ಬಿಡಲಿಲ್ಲ. ಕೊನೆಗೆ "ಸರೀರಿ ಆ ಕಡೆ!" ಎಂದೆ. ಎಲ್ಲರೂ ಸರಿದರು. ಒಬ್ಬ ಮುದುಕ ಕೂಲಿ ತಿರುಗಿ ನೋಡಿ, "ಅಕ್ಕಾವ್ರು ಬಂದ್ರೇನೋ ಅಂದ್ಕೊಂಡೆ" ಎಂದ. ವಯಸ್ಸಾದವರಿಗೆ ಕಿವಿ ಮಂದ.

ಅವಳ ಜಾಗದಲ್ಲಿ ಬೇರೆ ಯಾರೋ ನಿಂತು ಕೂಗುತ್ತಿದ್ದರು. ಮನೆಯಲ್ಲಿ ಹೇಳಲಿಲ್ಲ.

ಏಪ್ರಿಲ್ 11, ಶುಕ್ರವಾರ

ಮಾತಿನ ಡಾಕ್ಟ್ರು ಮನೆಗೇ ಬಂದಿದ್ದರು. ಹೊಸ ರೆಕಾರ್ಡಿಂಗ್ ಶುದ್ಧವಾಗಿದೆ, ಆದರೆ ಸಾಲದು, ದನಿ ಕಟ್ಟಲು ಬೇಕಾದಷ್ಟು ಸರಕಿಲ್ಲ ಎಂದರು. ಇನ್ನು ಓದಿಸುವ ಹಾಗೂ ಇಲ್ಲ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಕೇಳಿದೆ, ಕೆಟ್ಟವನ್ನು ರಿಪೇರಿ ಮಾಡಲಾಗದೇ? ಆಪರೇಷನ್ ಮುಂದೂಡಿದರೆ? ಬೇರೆ ಊರಿನ ಆಸ್ಪತ್ರೆಯಲ್ಲಿ ಬೇರೆ ವಿಧಾನ? ಎಲ್ಲಕ್ಕೂ ಇಲ್ಲ, ಇಲ್ಲ.

ಆಮೇಲೆ ಅವರು, "ಒಡಹುಟ್ಟಿದವರ ದನಿ ಸೇರಿಸಿ ತುಂಬಿಸಬಹುದು. ಒಂದೇ ಅಳತೆಯ ಗಂಟಲು, ಒಂದೇ ಮನೆಯ ಉಚ್ಚಾರ. ಉಳಿದಿದ್ದನ್ನ ನೀವು ಓದಿ. ಅಕ್ಕನ ಛಾಯೆಯನ್ನ ಕಂಪ್ಯೂಟರು ಅದರ ಮೇಲೆ ಹಾಕತ್ತೆ" ಎಂದರು.

ನಾನೇ? ನಾನು ಓದುವುದೇ? ನನ್ನ ದನಿ ನನಗೇ ಸರಿಯಾಗಿ ಗೊತ್ತಿಲ್ಲ.

ಅಕ್ಕ ತಿರುಗಿ, ಗೊಗ್ಗರು ದನಿಯಲ್ಲಿ, "ಮುಗೀತು. ಇನ್ನು ಮೇಲೆ ನಾನೂ ಗೊಣಗ್ತೀನಿ" ಎಂದಳು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಅವಳನ್ನು ಟ್ರಾಲಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ನಾನು ಪಕ್ಕದಲ್ಲೇ ನಡೆದೆ. ಕೊನೆಯ ಮಾತು ಏನಾದರೂ ಹೇಳುತ್ತಾಳೆ, ಕಾಯ್ದಿಟ್ಟಿರುತ್ತಾಳೆ ಎಂದು ಕಿವಿಯೆಲ್ಲ ಅವಳ ಕಡೆಗೇ ಇತ್ತು. ಬಾಗಿಲ ಹತ್ತಿರ ತಲೆ ಎತ್ತಿ ಟ್ರಾಲಿ ತಳ್ಳುವವನಿಗೆ, "ಚಕ್ರ ಕಿರುಗುಟ್ತಿದೆ, ಎಣ್ಣೆ ಬಿಡ್ರಪ್ಪ" ಎಂದಳು.

ಬಾಗಿಲು ಮುಚ್ಚಿತು.

ಅಷ್ಟೇ. ಇಷ್ಟು ವರ್ಷ ಇಷ್ಟೆಲ್ಲ ಮಾತಾಡಿದವಳು ಚಕ್ರದ ಮಾತಾಡಿ ಮುಗಿಸಿದಳು. ಬೆಂಚಿನ ಮೇಲೆ ಕೂತು ಜೋರಾಗಿ ಅತ್ತೆ. ಪಕ್ಕದವರು ನೀರು ಕೊಟ್ಟರು.

ಏಪ್ರಿಲ್ 16, ಬುಧವಾರ

ಉಸಿರಾಟಕ್ಕೆ ಕತ್ತಿನಲ್ಲಿ ತೂತು. ಬದುಕಿದ್ದಾಳೆ. ಮಲಗಿದ್ದಾಳೆ. ನಾನೂ ಮಲಗುತ್ತೇನೆ.

ಏಪ್ರಿಲ್ 30, ಬುಧವಾರ

ಮನೆಗೆ ಬಂದಿದ್ದಾಳೆ. ಬಿಡುಗಡೆಯ ದಿನ ಕೌಂಟರಿನಲ್ಲಿ ನಾಳೆ ಬನ್ನಿ ಎಂದರು. ನಾಳೆ ಅಲ್ಲ, ಈಗಲೇ ಎಂದು ನಿಂತು ಮಾಡಿಸಿಕೊಂಡು ಬಂದೆ.

ಸಂಜೆ ಓದು. ಈಗ ಮೈಕಿನ ಮುಂದೆ ನಾನು, ಪಕ್ಕದ ಕುರ್ಚಿಯಲ್ಲಿ ಕೈಯಲ್ಲಿ ಚಮಚ ಹಿಡಿದು ಅವಳು. ತಪ್ಪಿದರೆ ಮೇಜಿಗೆ ಟಕ್. ನುಂಗಿದರೆ ಟಕ್ ಟಕ್. ಗಟ್ಟಿಯಾಗಿ ಓದು ಎನ್ನಲು ಚಮಚವನ್ನು ಮೇಲಕ್ಕೆತ್ತುತ್ತಾಳೆ. ಮಾತಿನ ಬದಲಿಗೆ ಇಟ್ಟುಕೊಂಡಿರುವ ಬರೆಯುವ ಹಲಗೆಯ ಮೇಲೆ 'ಕೊನೇ ಅಕ್ಷರ ತಿನ್ಬೇಡ, ಊಟ ಹಾಕಿದೀನಲ್ಲ' ಎಂದು ಬರೆದು ತೋರಿಸಿದಳು. ಊಟ ಹಾಕಿದ್ದು ನಾನು. ಅವಳು ಇನ್ನೂ ಕೊಳವೆಯಲ್ಲಿ ಹಾಲು ಕುಡಿಯುತ್ತಿದ್ದಾಳೆ.

"ಚಮಚ ಇಟ್ಬಿಡು, ಇಲ್ಲಾಂದ್ರೆ ಎದ್ದು ಹೋಗ್ತೀನಿ ನೋಡು" ಎಂದೆ. ಇಟ್ಟಳು. ಮತ್ತೆ ಎತ್ತಿಕೊಂಡಳು.

ಮೇ 6, ಮಂಗಳವಾರ

ಪ್ರೆಸ್ಸು, ಅಡುಗೆ, ಅವಳ ಕತ್ತಿನ ಬಟ್ಟೆ ಬದಲಾಯಿಸುವುದು, ಓದು. ಪ್ರೆಸ್ಸಿನಲ್ಲಿ ಇವತ್ತು ಲೇಬಲ್ ಒಂದನ್ನು ಗೊತ್ತಿಲ್ಲದೆ ಗಟ್ಟಿಯಾಗಿ ಓದುತ್ತಿದ್ದೆನಂತೆ, "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂದು. ಎಲ್ಲರೂ ನಕ್ಕರು.

ಮೇ 10, ಶನಿವಾರ

ಓದು ಮುಗಿದು, ಕಂಪ್ಯೂಟರು ದನಿ ಕಟ್ಟಲು ಕೂತು, ಇವತ್ತು ಮುಗಿಸಿತು. ಅಷ್ಟೂ ಹೊತ್ತು ಅದರ ಫ್ಯಾನು ಒಂದೇ ಸಮ ಗುಯ್‌ಗುಟ್ಟುತ್ತಿತ್ತು. ಮಾತಿನ ಡಾಕ್ಟ್ರು ಬಂದರು. ಅಕ್ಕ ತಲೆ ಬಾಚಿಕೊಂಡು ಬಂದು ಕೂತಳು. ತನ್ನ ಹೆಸರು ಟೈಪ್ ಮಾಡಿ ಬಟನ್ ಒತ್ತಿದಳು.

ಅದು ಯಾರ ದನಿಯೂ ಅಲ್ಲ. ಬಾವಿಯೊಳಗಿಂದ ಯಾರೋ ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗಿತ್ತು. ಅಕ್ಕ ಇನ್ನೊಂದು ವಾಕ್ಯ ಒತ್ತಿದಳು, ಇನ್ನೊಂದು. ಆಮೇಲೆ ಕೀಬೋರ್ಡನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಎದ್ದುಹೋದಳು. ಒಳಗೆ ಅವಳು ಅಳುತ್ತಿದ್ದಳು. ಈಗ ಅವಳು ಅತ್ತರೆ ಸದ್ದೇ ಬರುವುದಿಲ್ಲ. ಹೋಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮೇ 12, ಸೋಮವಾರ

ಪ್ರೆಸ್ಸಿಗೆ ರಜೆ ಹೇಳಿ ಎಲ್ಲ ಫೈಲುಗಳನ್ನು ಒಂದೊಂದಾಗಿ ಕೇಳಿದೆ. ಜಗಳದ ದಿನಗಳ ಹಳೆಯ ರೆಕಾರ್ಡಿಂಗಿನಲ್ಲಿ ಪರವಾಗಿಲ್ಲ ಎಂದು ಡಾಕ್ಟ್ರು ಉಳಿಸಿಕೊಂಡಿದ್ದ ಕೆಲವು ಇದ್ದವು. ಅವುಗಳಲ್ಲಿ ಕಿವಿಗೆ ಬೀಳದಷ್ಟು ಸಣ್ಣ ಸಣ್ಣ ಬಿರುಕು. ಡಾಕ್ಟ್ರಿಗೆ ಫೋನ್ ಮಾಡಿ, ಅವನ್ನೆಲ್ಲ ತೆಗೆದುಹಾಕಿ ಮತ್ತೆ ಕಟ್ಟಿಸಿ ಎಂದೆ. ಸರಕು ಇನ್ನೂ ಕಡಿಮೆಯಾಗುತ್ತದಲ್ಲ ಎಂದರು. ಕಡಿಮೆಯಾದದ್ದನ್ನು ನಾನು ಓದುತ್ತೇನೆ, ಅದಕ್ಕೇನು, ಓದುವುದು ದೊಡ್ಡ ವಿಷಯವೇ? ಎಂದೆ. ಆಗಲಿ ಎಂದರು.

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹಲಗೆಯ ಮೇಲೆ ಏನೋ ಬರೆದಳು, ಒರೆಸಿಬಿಟ್ಟಳು. ತೋರಿಸು ಎಂದರೂ ತೋರಿಸಲಿಲ್ಲ.

ಮೇ 20, ಮಂಗಳವಾರ

ಎರಡನೆಯ ಸಲ ಕಟ್ಟಿದ್ದು ಬಂತು. ಅಕ್ಕ ಕೇಳಿ, ಕೈಯನ್ನು ಹಾಗೂ ಹೀಗೂ ಅಲ್ಲಾಡಿಸಿದಳು. ಪರವಾಗಿಲ್ಲ ಎಂದು. ನನಗೂ ಅಷ್ಟೇ ಅನಿಸಿತು. ಅವಳದೂ ಅಲ್ಲ, ನನ್ನದೂ ಅಲ್ಲ. ಮಾತಿನ ಡಾಕ್ಟ್ರು ಬಳಸುತ್ತಾ ಬಳಸುತ್ತಾ ಅಭ್ಯಾಸವಾಗುತ್ತದೆ ಎಂದರು. ಕೊಡುವವರು ಯಾವಾಗಲೂ ಹಾಗೇ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ.

ಎಷ್ಟೋ ದಿನಗಳ ನಂತರ ಸಂಜೆ ಸುಮ್ಮನೆ ಕೂತಿದ್ದೆ. ಮಾಡಲು ಏನೂ ಉಳಿದಿರಲಿಲ್ಲ.

ಜೂನ್ 15, ಭಾನುವಾರ

ಇವಳ ಜೊತೆ ಏಗಿ ಏಗಿ ಸಾಕಾಯಿತು.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಅಕ್ಕ ಹೊರಕೋಣೆಯಿಂದ, "ಗುಮ್ಮೀ, ಬಚ್ಚಲಿನ ನಲ್ಲಿ ಇನ್ನೂ ತೊಟ್ಟಿಕ್ತಾ ಇದೆ" ಎಂದು ಕೂಗಿದಳು.

"ಗೊತ್ತು ಕಣೆ, ನಾಳೆ ಬರ್ತಾನಂತೆ" ಎಂದೆ.

"ನಿನ್ನೇನೂ ನಾಳೆ ಅಂದಿದ್ದ."

"ಇನ್ನೇನು ಮಾಡ್ಲಿ, ಎತ್ತಾಕೊಂಡು ಬರ್ಲಾ?"

ಉತ್ತರ ತಡವಾಯಿತು. ಬಾಯಿ ಮುಚ್ಚಿದಳು ಎಂದುಕೊಂಡು ಬಾಣಲೆ ಇಟ್ಟೆ. ಎಣ್ಣೆ ಕಾಯುವಷ್ಟರಲ್ಲಿ ಶುರುವಾಯಿತು. "ನೀನು ಮೆತ್ತಗೆ ಕೇಳ್ತೀಯ, ಅದಕ್ಕೇ ಅವನು ಬರಲ್ಲ. ಗದರಿಸಿ ಕೇಳು. ಅವನ ನಂಬರ್ ಇಲ್ಲಿ ಕೊಡು, ನಾನೇ ಮಾತಾಡ್ತೀನಿ."

"ನಾನು ಮೆತ್ತಗಾ? ನಾನಾ ಮೆತ್ತಗೆ?" ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದೆ. ಅವಳು ಕೀಬೋರ್ಡಿನಿಂದ ತಲೆ ಎತ್ತಲೂ ಇಲ್ಲ. "ಆಸ್ಪತ್ರೆ, ಅಂಗಡಿ, ಬ್ಯಾಂಕು, ಎಲ್ಲ ಕಡೆ ಗಂಟಲು ಹರ್ಕೊಂಡಿರೋಳು ಯಾರು?"

"ಈರುಳ್ಳಿ ಸೀಯ್ತಿದೆ" ಎಂದಳು.

ಸೀದಿತ್ತು. ಇವಳ ಜೊತೆ ವಾದಕ್ಕಿಳಿದರೆ ಯಾವಾಗಲೂ ಹೀಗೇ, ಕೊನೆಯ ಮಾತು ಅವಳದೇ ಆಗಬೇಕು.

ಆಮೇಲೆ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರು. ಜಗಳ ಮೆಟ್ಟಿಲಿನ ತನಕ ಕೇಳುತ್ತಿದೆ, ಭಾನುವಾರ ಮಧ್ಯಾಹ್ನ ಒಂದು ಕಣ್ಣು ನಿದ್ದೆ ಬೇಡವೇ, ಇಬ್ಬರೂ ಸ್ವಲ್ಪ ಮೆಲ್ಲಗೆ ಮಾತಾಡಿ ಎಂದರು. ನನಗೆ ರೇಗಿತು.

"ನನಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ. ಹುಟ್ಟಿದಾಗಿಂದ ಅವಳ ಗಂಟಲೇ ಅಂಥದ್ದು" ಎಂದೆ.

ಅವರು ನನ್ನ ಮುಖ ನೋಡಿದರು, ನನ್ನ ಹಿಂದೆ ಅವಳ ಕತ್ತಿನ ಬಟ್ಟೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು.